ಮೂರು ಮಹಡಿ, ಒಂದೇ ರೌಟರ್: ಮೇಲಿನ ಕೋಣೆಗೆ ವೈಫೈ ತಲುಪಿಸೋದು ಹೇಗೆ?

ಮೇಲಿನಕೋಣೆ

ಎಲ್ಲರಿಗೂ ನಮಸ್ಕಾರ. ನಮ್ಮದು ನೆಲಮಹಡಿ, ಅದರ ಮೇಲೆ ಇನ್ನೆರಡು ಮಹಡಿ ಇರುವ ಮನೆ. ಫೈಬರ್ ಲೈನ್ ನೆಲಮಹಡಿಯ ಹಾಲಿಗೆ, ಬಾಗಿಲ ಪಕ್ಕದ ಮೂಲೆಗೆ ಬಂದಿದೆ. ರೌಟರ್ ಅಲ್ಲೇ ಟಿವಿ ಕೆಳಗಿನ ಕಪಾಟಿನಲ್ಲಿದೆ. ನಾನು ಕೆಲಸಕ್ಕೆ ಕೂರೋದು ಮಾತ್ರ ಎರಡನೇ ಮಹಡಿಯ ಹಿಂದಿನ ಕೋಣೆಯಲ್ಲಿ.

ಅಲ್ಲಿ ವೀಡಿಯೊ ಕಾಲ್ ನಿಲ್ಲೋದೇ ಇಲ್ಲ. ಮಾತಾಡ್ತಾ ಇರುವಾಗಲೇ ಎದುರಿನವರ ಮುಖ ಅಲ್ಲಾಡದೆ ನಿಂತುಬಿಡುತ್ತದೆ. ಮಧ್ಯದ ಮಹಡಿಯಲ್ಲಿ ಮಗಳ ಆನ್‌ಲೈನ್ ಕ್ಲಾಸ್ ಹೇಗೋ ನಡೆಯುತ್ತದೆ, ಆದರೆ ಮಂಚದ ಮೇಲೆ ಕೂತರೆ ಬರುತ್ತೆ, ಮೇಜಿನ ಹತ್ತಿರ ಕೂತರೆ ಬರಲ್ಲ.

ಹೋದ ತಿಂಗಳು, ರೌಟರ್ ಸಿಗ್ನಲ್ ಹಿಡಿದು ಮತ್ತೆ ಹರಡುವ ಒಂದು ರಿಪೀಟರ್ ತಂದು ನನ್ನ ಮೇಜಿನ ಪಕ್ಕದ ಸಾಕೆಟ್‌ಗೆ ಹಾಕಿದೆ. ಈಗ ಫೋನಿನಲ್ಲಿ ವೈಫೈ ಗೆರೆ ಪೂರ್ತಿ ತೋರಿಸುತ್ತದೆ. ಸ್ಪೀಡ್ ನೋಡಿದರೆ 6 ಎಂಬಿಪಿಎಸ್. ಪ್ಲಾನ್ 200 ಎಂಬಿಪಿಎಸ್‌ದು, ಕೆಳಗೆ ಪೂರ್ತಿ ಸಿಗುತ್ತದೆ. ಜಾಸ್ತಿ ಪವರ್ ಇರುವ ದೊಡ್ಡ ರೌಟರ್ ತಗೊಳ್ಳಲಾ, ಇಲ್ಲಾ ಹಲವು ಪೆಟ್ಟಿಗೆ ಸೇರಿ ಒಂದೇ ವೈಫೈ ಕೊಡುವ ಮೆಶ್ ಹಾಕಿಸಲಾ? ದಯವಿಟ್ಟು ತಿಳಿದವರು ಹೇಳಿ.

ಆಂಟೆನಾ

ಆರು ಆಂಟೆನಾ ಇರುವ ರೌಟರ್ ಹಾಕಿ ನೋಡಿ. ನಮ್ಮ ಮನೆಯಲ್ಲಿ ಹಳೆಯದು ತೆಗೆದು ಅಂಥದ್ದು ಹಾಕಿದ ಮೇಲೆ ಸರಿಯಾಯಿತು.

ತಂತಿಪ್ರಿಯ

ಸ್ವಲ್ಪ ತಡೆಯಿರಿ, ಏನೂ ಕೊಳ್ಳಬೇಡಿ. ಮೊದಲು ಅಳೆಯಿರಿ.

ಫೋನಿನ ಗೆರೆಗಳನ್ನು ನಂಬಬೇಡಿ. ರಿಪೀಟರ್ ನಿಮ್ಮ ಪಕ್ಕದಲ್ಲೇ ಇದೆ, ಹಾಗಾಗಿ ಗೆರೆ ಪೂರ್ತಿ ಬಂದೇ ಬರುತ್ತದೆ. ಆ ಗೆರೆ ತೋರಿಸೋದು ನಿಮಗೂ ರಿಪೀಟರ್‌ಗೂ ಇರುವ ಸಂಬಂಧವನ್ನು. ರಿಪೀಟರ್‌ಗೂ ಕೆಳಗಿನ ರೌಟರ್‌ಗೂ ಹೇಗಿದೆ ಅಂತ ಅದು ಹೇಳೋದೇ ಇಲ್ಲ. ಸಿಗ್ನಲ್ ಸತ್ತಿರುವ ಜಾಗದಲ್ಲಿ ರಿಪೀಟರ್ ಇಟ್ಟರೆ ಅದಕ್ಕೂ ಸಿಗೋದು ಅದೇ ಸತ್ತ ಸಿಗ್ನಲ್. ಜೊತೆಗೆ ಸಾಮಾನ್ಯ ರಿಪೀಟರ್ ಒಂದೇ ಚಾನೆಲ್‌ನಲ್ಲಿ ಕೇಳಿ, ಅದನ್ನೇ ಮತ್ತೆ ಹೇಳಬೇಕು. ಎರಡೂ ಒಟ್ಟಿಗೆ ಮಾಡೋಕೆ ಆಗಲ್ಲ. ಅಲ್ಲೇ ಅರ್ಧ ಸ್ಪೀಡ್ ಹೋಯಿತು.

ರಿಪೀಟರ್ ಕಿತ್ತು ಬದಿಗಿಡಿ. ವೈಫೈ ಅನಲೈಸರ್ ಥರದ ಒಂದು ಆ್ಯಪ್ ಹಾಕಿಕೊಳ್ಳಿ. ರೌಟರ್ ಮುಂದೆ, ಮೆಟ್ಟಿಲ ತಿರುವಿನಲ್ಲಿ, ಮಧ್ಯದ ಹಾಲಿನಲ್ಲಿ, ನಿಮ್ಮ ಕೋಣೆಯ ಬಾಗಿಲಲ್ಲಿ, ಮೇಜಿನ ಹತ್ತಿರ, ಹೀಗೆ ಐದು ಕಡೆ ಒಂದೊಂದು ನಿಮಿಷ ನಿಂತು ಡಿಬಿಎಂ ಸಂಖ್ಯೆ, ಅಂದರೆ ಸಿಗ್ನಲ್ ಬಲದ ಅಳತೆ, ಬರೆದುಕೊಳ್ಳಿ. ಮೈನಸ್ ಸಂಖ್ಯೆ ಇರುತ್ತದೆ. -50 ಅಂದರೆ ತುಂಬಾ ಚೆನ್ನಾಗಿದೆ. ವೀಡಿಯೊ ಕಾಲ್‌ಗೆ -67 ತನಕ ಪರವಾಗಿಲ್ಲ. -75 ದಾಟಿದರೆ ಕಷ್ಟ, -80 ದಾಟಿದರೆ ಹೆಸರಿಗಷ್ಟೇ ವೈಫೈ.

ಮೇಲಿನಕೋಣೆ

ಅಳೆದೆ ಸರ್. ರೌಟರಿನಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ಬ್ಯಾಂಡ್ (ರೇಡಿಯೊ ತರಂಗದ ಪಟ್ಟಿ) ಇವೆ. ಇವೆಲ್ಲವೂ 2.4ರಲ್ಲಿ.

ರೌಟರ್ ಮುಂದೆ -42. ಮೊದಲ ಮೆಟ್ಟಿಲ ತಿರುವಿನಲ್ಲಿ -58. ಮಧ್ಯದ ಹಾಲಿನಲ್ಲಿ -66, ಮಗಳ ಮೇಜಿನ ಹತ್ತಿರ -73. ನನ್ನ ಕೋಣೆಯ ಬಾಗಿಲಲ್ಲಿ -78, ಮೇಜಿನ ಹತ್ತಿರ -84.

5 ಗಿಗಾಹರ್ಟ್ಸ್ ನನ್ನ ಕೋಣೆಯಲ್ಲಿ ಕಾಣಿಸೋದೇ ಇಲ್ಲ. ಆದರೆ ಒಂದು ವಿಷಯ ಅರ್ಥವಾಗಲಿಲ್ಲ. ನೇರ ಅಳೆದರೆ ರೌಟರಿಂದ ನನ್ನ ಮೇಜಿಗೆ ಹತ್ತು ಮೀಟರ್ ಕೂಡ ಆಗಲ್ಲ. ಅದೇ ದೂರಕ್ಕೆ ಮನೆ ಹೊರಗೆ ನಿಂತರೆ ಚೆನ್ನಾಗಿ ಬರುತ್ತದೆ!

ತಂತಿಪ್ರಿಯ

ದೂರ ಅಲ್ಲ, ನಿಮ್ಮ ವೈರಿ ಸ್ಲ್ಯಾಬ್. ಬಯಲಿನಲ್ಲಿ ದೂರ ಎರಡರಷ್ಟಾದರೆ ಸಿಗ್ನಲ್ 6 ಡಿಬಿ ಮಾತ್ರ ಬೀಳುತ್ತದೆ. ಒಳಗೆ ಕಂಬಿ ಹೆಣೆದಿರುವ ಒಂದು ಕಾಂಕ್ರೀಟ್ ಸ್ಲ್ಯಾಬ್ ಒಂದೇ ಏಟಿಗೆ 10ರಿಂದ 20 ಡಿಬಿ ನುಂಗಬಲ್ಲದು. 5 ಗಿಗಾಹರ್ಟ್ಸ್‌ನಲ್ಲಿ ಇನ್ನೂ ಜಾಸ್ತಿ. ನಿಮಗೆ ಅಂಥ ಎರಡು ಸ್ಲ್ಯಾಬ್ ಅಡ್ಡ ಇವೆ, ಜೊತೆಗೆ ಹಿಂದಿನ ಗೋಡೆಗಳು.

ಈ ಡಿಬಿ ಲೆಕ್ಕ ಮೋಸ ಮಾಡುತ್ತದೆ, ಹುಷಾರು. 3 ಡಿಬಿ ಕಡಿಮೆಯಾದರೆ ಶಕ್ತಿ ಅರ್ಧ. 10 ಡಿಬಿ ಕಡಿಮೆಯಾದರೆ ಹತ್ತರಲ್ಲೊಂದು ಪಾಲು. ನಿಮ್ಮಲ್ಲಿ -42ರಿಂದ -84ಕ್ಕೆ ಬಂದಿದೆ, ಅಂದರೆ 42 ಡಿಬಿ. ರೌಟರ್ ಮುಂದೆ ಸಿಗುವ ಶಕ್ತಿಯಲ್ಲಿ ಸುಮಾರು 16 ಸಾವಿರದಲ್ಲಿ ಒಂದು ಪಾಲು ಮಾತ್ರ ನಿಮ್ಮ ಮೇಜು ತಲುಪುತ್ತಿದೆ.

ಆಂಟೆನಾ ಅವರೇ, ನಿಮ್ಮ ಮನೆಯಲ್ಲಿ ಸರಿಹೋಗಿದ್ದು ನಿಜವೇ ಇರಬಹುದು, ಹಳೆಯ ರೌಟರ್ ಅಷ್ಟು ಹಳೆಯದಾಗಿದ್ದರೆ. ಆದರೆ ಇಲ್ಲಿ ಅದು ಕೈಹಿಡಿಯಲ್ಲ. ವೈಫೈ ಅಂದರೆ ಇಬ್ಬರ ಮಾತುಕತೆ. ರೌಟರ್ ಜೋರಾಗಿ ಕೂಗಿದರೆ ಫೋನಿಗೆ ಕೇಳಬಹುದು. ಫೋನ್ ಪಿಸುಗುಟ್ಟಿದ್ದು ಎರಡು ಸ್ಲ್ಯಾಬ್ ದಾಟಿ ರೌಟರ್‌ಗೆ ಕೇಳಬೇಕಲ್ವಾ? ಫೋನಿನ ಪವರ್ ರೌಟರ್ ಬದಲಿಸಿದರೆ ಜಾಸ್ತಿ ಆಗಲ್ಲ. ಕಾಲ್‌ನಲ್ಲಿ ನಿಮ್ಮ ದನಿ ಎದುರಿನವರಿಗೆ ತುಂಡು ತುಂಡಾಗಿ ಕೇಳೋದು ಬಹಳ ಸಲ ಇದಕ್ಕೇ.

ಆಂಟೆನಾ

ಒಪ್ಪಿದೆ. ನಮ್ಮದು ಎರಡೇ ಮಹಡಿ, ಮೆಟ್ಟಿಲು ಹಾಲಿನ ನಡುವೆಯೇ ಇದೆ. ಅದಕ್ಕೇ ನಡೆದಿರಬೇಕು.

ಆದರೂ ಆಂಟೆನಾ ಬಗ್ಗೆ ಒಂದು ಮಾತು. ನೆಟ್ಟಗೆ ನಿಂತ ಕಡ್ಡಿ ಆಂಟೆನಾ ಸುತ್ತಲೂ ಅಡ್ಡಕ್ಕೆ ಹರಡುತ್ತದೆ, ತುದಿಯ ನೇರಕ್ಕೆ ಮೇಲೆ ಕೆಳಗೆ ತೀರಾ ಕಡಿಮೆ. ಮಹಡಿಗೆ ಬೇಕಿದ್ದರೆ ಒಂದನ್ನು ನೆಟ್ಟಗೆ ಬಿಟ್ಟು ಇನ್ನೊಂದನ್ನು ಮಲಗಿಸಿ. ಕಾಸು ಖರ್ಚಿಲ್ಲದ ಕೆಲಸ, ಮಾಡಿ ನೋಡಿ.

ನಿಧಾನಗತಿ

ಕಪಾಟಿನಿಂದಲೂ ಹೊರಗೆ ತೆಗೆಯಿರಿ! ಟಿವಿ ಹಿಂದೆ ಇರೋದೆಲ್ಲ ಲೋಹ. ಎತ್ತರದಲ್ಲಿ, ಮೆಟ್ಟಿಲ ಬಾಯಿ ಕಾಣುವ ಹಾಗೆ ಇಡಿ. ಸ್ಲ್ಯಾಬ್ ಇಲ್ಲದ ಒಂದೇ ದಾರಿ ಅಂದರೆ ಮೆಟ್ಟಿಲು. ಪಕ್ಕದಲ್ಲಿ ಮೀನಿನ ತೊಟ್ಟಿ, ದೊಡ್ಡ ಕನ್ನಡಿ, ಫ್ರಿಜ್ ಇಲ್ಲ ತಾನೇ? ನೀರು 2.4 ಗಿಗಾಹರ್ಟ್ಸನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ.

2.4ನಲ್ಲಿ ಚಾನೆಲ್ 1, 6, 11 ಈ ಮೂರರಲ್ಲಿ ಖಾಲಿ ಇರೋದನ್ನು ಆರಿಸಿ. ಅಗಲ 20 ಮೆಗಾಹರ್ಟ್ಸ್ ಸಾಕು. 3 ಅಥವಾ 4ರಲ್ಲಿ ಕೂತರೆ 1ರವರಿಗೂ 6ರವರಿಗೂ ತೊಂದರೆ, ನಿಮಗೂ ತೊಂದರೆ.

ಮೇಲಿನಕೋಣೆ

ಇಬ್ಬರು ಹೇಳಿದ್ದನ್ನೂ ಮಾಡಿದೆ. ರೌಟರನ್ನು ಕಪಾಟಿನ ಮೇಲೆ, ಮೆಟ್ಟಿಲ ಕಡೆಗೆ ಇಟ್ಟು ಒಂದು ಆಂಟೆನಾ ಮಲಗಿಸಿದೆ. ಮಗಳ ಮೇಜಿನ ಹತ್ತಿರ -73 ಇದ್ದದ್ದು -65 ಆಯಿತು! ಅವಳ ಕ್ಲಾಸ್‌ನ ತಲೆನೋವು ಅಲ್ಲಿಗೆ ಮುಗಿಯಿತು. ನನ್ನ ಮೇಜು -84ರಿಂದ -79.

ರಿಪೀಟರನ್ನು ಮೇಜಿನ ಪಕ್ಕದಿಂದ ತೆಗೆದು ಮೊದಲ ಮಹಡಿಯ ಮೆಟ್ಟಿಲ ಮೇಲ್ಭಾಗಕ್ಕೆ ಹಾಕಿದೆ. ಈಗ ನನ್ನ ಕೋಣೆಯಲ್ಲಿ ಗೆರೆ ಕಮ್ಮಿ, ಆದರೆ ಸ್ಪೀಡ್ 28 ಎಂಬಿಪಿಎಸ್‌ಗೆ ಏರಿದೆ. ತಿಂಗಳಿಡೀ ಉಲ್ಟಾ ಇಟ್ಟಿದ್ದೆ ಅಂತ ಈಗ ತಿಳಿಯಿತು.

ಕಾಲ್ ಒಂದು ಮಟ್ಟಿಗೆ ನಡೆಯುತ್ತದೆ. ಆದರೆ ಸಂಜೆ ಎಲ್ಲರೂ ಮನೆಗೆ ಬಂದ ಮೇಲೆ ಮತ್ತೆ ಒದ್ದಾಟ. ಮುಂದೇನು?

ಜೇನುಗೂಡು

ಈಗ ಮೆಶ್ ಹಾಕಿ. ಮಹಡಿಗೊಂದು ಪೆಟ್ಟಿಗೆ. ಒಂದೇ ಹೆಸರು, ಒಂದೇ ಪಾಸ್‌ವರ್ಡ್, ನೀವು ನಡೆದ ಹಾಗೆ ಫೋನ್ ತಾನೇ ಬದಲಿಸಿಕೊಳ್ಳುತ್ತದೆ. ಅರ್ಧ ಗಂಟೆಯ ಕೆಲಸ. ನಮ್ಮ ಅಮ್ಮನ ಮನೆಗೆ ನಾನೇ ಹಾಕಿಕೊಟ್ಟಿದ್ದೇನೆ, ಎರಡು ವರ್ಷದಿಂದ ಒಂದು ದೂರೂ ಇಲ್ಲ.

ತಂತಿಪ್ರಿಯ

ಮೆಶ್ ಕೆಟ್ಟದ್ದು ಅಂತ ನಾನು ಹೇಳಲ್ಲ. ಆದರೆ ಆ ಮೂರು ಪೆಟ್ಟಿಗೆಗಳು ಒಂದಕ್ಕೊಂದು ಹೇಗೆ ಮಾತಾಡುತ್ತವೆ ಅನ್ನೋದೇ ಪ್ರಶ್ನೆ. ತಂತಿ ಇಲ್ಲದಿದ್ದರೆ ಅವೂ ಅದೇ ಗಾಳಿಯಲ್ಲೇ, ಅದೇ ಸ್ಲ್ಯಾಬ್ ತೂರಿಯೇ ಮಾತಾಡಬೇಕು. ಪೆಟ್ಟಿಗೆಗಳ ನಡುವಿನ ಮಾತಿಗೇ ಬೇರೆ ರೇಡಿಯೊ ಇರುವ ಟ್ರೈಬ್ಯಾಂಡ್ ಮೆಶ್ ಆದರೆ ರಿಪೀಟರಿಗಿಂತ ಎಷ್ಟೋ ವಾಸಿ. ಎರಡೇ ಬ್ಯಾಂಡಿನದಾದರೆ ಅದೇ ಅರ್ಧರ್ಧ ಹಂಚಿಕೆ, ಎರಡನೇ ಪೆಟ್ಟಿಗೆಯಿಂದ ಮೂರನೆಯದಕ್ಕೆ ಹೋಗುವಾಗ ಇನ್ನೂ ಕಡಿಮೆ.

ನನ್ನ ಅನುಭವದಲ್ಲಿ ಒಂದೇ ಮಾತು: ಮಹಡಿ ದಾಟುವ ಕೆಲಸ ತಂತಿಗೆ ಬಿಡಿ, ಕೋಣೆಯೊಳಗೆ ಹರಡುವ ಕೆಲಸ ವೈಫೈಗೆ ಬಿಡಿ. ಮೇಲೆ ಒಂದು ಈಥರ್‌ನೆಟ್ ಕೇಬಲ್ ತಲುಪಿದರೆ ಮೆಶ್ ಪೆಟ್ಟಿಗೆಯೂ ಚೆನ್ನಾಗಿ ಓಡುತ್ತದೆ, ಹಳೆಯ ರೌಟರೂ ಚೆನ್ನಾಗಿ ಓಡುತ್ತದೆ. ಕ್ಯಾಟ್6 ದರ್ಜೆಯ ಕೇಬಲ್‌ನಲ್ಲಿ 100 ಮೀಟರ್‌ವರೆಗೆ 1 ಗಿಗಾಬಿಟ್ (1000 ಎಂಬಿಪಿಎಸ್) ಆರಾಮಾಗಿ ಹೋಗುತ್ತದೆ. ಮನೆಗೆ ಕ್ಯಾಟ್5ಇ ಕೂಡ ಸಾಕು. ತಾಮ್ರ ಪೂರ್ತಿ ತಾಮ್ರವೇ ಇರಲಿ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಇರುವ ಕೇಬಲ್ ಬೇಡ, ಬಾಗಿಸಿದ ಕಡೆ ಮುರಿಯುತ್ತದೆ.

ನಿಮ್ಮ ಮನೆಯಲ್ಲಿ ಹಳೆಯ ಟೆಲಿಫೋನ್ ಲೈನ್ ಅಥವಾ ಟಿವಿ ಕೇಬಲ್ ಹೋಗಿರುವ ಪೈಪ್ ಇದೆಯಾ? ಅದನ್ನು ಹುಡುಕಿ.

ಜೇನುಗೂಡು

ತಂತಿ ಇದ್ದರೆ ಮೆಶ್ ಇನ್ನೂ ಚೆನ್ನಾಗಿರುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ಎಲ್ಲರೂ ಗೋಡೆ ಕೊರೆಯೋಕೆ ತಯಾರಿರಲ್ಲ. ಅಂಥವರು ಕೋಣೆಯೊಳಗೆ ಪೆಟ್ಟಿಗೆ ಇಡದೆ ಮೆಟ್ಟಿಲ ತಿರುವಿನಲ್ಲಿ, ಒಂದರ ಕಣ್ಣಿಗೆ ಇನ್ನೊಂದು ಕಾಣುವ ಹಾಗೆ ಇಡಬೇಕು. ಅಮ್ಮನ ಮನೆಯಲ್ಲಿ ನಡೆದಿದ್ದು ಈ ಕಾರಣಕ್ಕೇ.

ದೀಪದಕಂಬ

ಪವರ್‌ಲೈನ್ ಅಡಾಪ್ಟರ್ ಬಗ್ಗೆ ಯಾರೂ ಹೇಳಲಿಲ್ಲ. ಕರೆಂಟ್ ವೈರಿನಲ್ಲೇ ಡೇಟಾ ಹೋಗುತ್ತದೆ. ಕೆಳಗೊಂದು, ಮೇಲೊಂದು ಸಾಕೆಟ್‌ಗೆ ಹಾಕಿದರೆ ಮುಗಿಯಿತು.

ನಾನು ಮೂರು ವರ್ಷ ಬಳಸಿದ್ದೇನೆ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಪೆಟ್ಟಿಗೆಯ ಮೇಲೆ ಬರೆದ ಸ್ಪೀಡ್ ಯಾವತ್ತೂ ಬರಲಿಲ್ಲ, ಅದರ ಒಂದು ಸಣ್ಣ ಪಾಲು ಬರುತ್ತಿತ್ತು. ಆದರೂ ಕಾಲ್‌ಗೆ ಸಾಕಾಗುತ್ತಿತ್ತು. ನೇರ ಗೋಡೆಯ ಸಾಕೆಟ್‌ಗೇ ಹಾಕಬೇಕು. ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಸರ್ಜ್ ತಡೆ ಇದ್ದರೆ ಅದು ಡೇಟಾವನ್ನೂ ತಡೆಯುತ್ತದೆ. ಮೂರು ಫೇಸ್ ಇರುವ ಮನೆಯಲ್ಲಿ ಎರಡು ಸಾಕೆಟ್ ಬೇರೆ ಬೇರೆ ಫೇಸಿನಲ್ಲಿದ್ದರೆ ಸಂಪರ್ಕ ತೀರಾ ಕುಗ್ಗುತ್ತದೆ, ಕೆಲವೊಮ್ಮೆ ಸಿಗೋದೇ ಇಲ್ಲ. ವಾಪಸ್ ಕೊಡುವ ಅವಕಾಶ ಇದ್ದರೆ ಮಾತ್ರ ತಗೊಳ್ಳಿ.

ಮೇಲಿನಕೋಣೆ

ಪೈಪ್ ಸಿಕ್ಕಿತು! ನೆಲಮಹಡಿಯ ಹಾಲಿನಲ್ಲಿ ಸೋಫಾ ಹಿಂದೆ ಒಂದು ಖಾಲಿ ಬಿಳಿ ಮುಚ್ಚಳ ಇತ್ತು. ಸ್ಕ್ರೂ ತೆಗೆದರೆ ಒಳಗೆ ಹಳೆಯ ಟೆಲಿಫೋನ್ ತಂತಿ. ಅದೇ ಥರದ ಮುಚ್ಚಳ ನನ್ನ ಕೋಣೆಯ ಪಕ್ಕದ ಪ್ಯಾಸೇಜ್‌ನಲ್ಲೂ ಇದೆ. ಇಷ್ಟು ವರ್ಷ ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದೆವು.

ಈ ಹಳೆಯ ತಂತಿಗೇ ಹೊಸ ಕೇಬಲ್ ಕಟ್ಟಿ ಎಳೆಯಬಹುದಾ? ಇಲ್ಲಾ ಪಕ್ಕದಲ್ಲೇ ಇರುವ ಕರೆಂಟ್ ಪೈಪ್‌ನಲ್ಲಿ ಜಾಗ ಜಾಸ್ತಿ ಇದೆ, ಅದರಲ್ಲಿ ಹಾಕಲಾ?

ತಂತಿಪ್ರಿಯ

ಕರೆಂಟ್ ಪೈಪ್ ಬೇಡವೇ ಬೇಡ. ಎಳೆಯುವಾಗ ಹಳೆಯ ವೈರಿನ ಸಿಪ್ಪೆ ಉಜ್ಜಿ ಕಿತ್ತರೆ ನಿಮ್ಮ ನೆಟ್‌ವರ್ಕ್ ಕೇಬಲ್‌ಗೂ ಕರೆಂಟ್ ಬರಬಹುದು. ಜೀವದ ಪ್ರಶ್ನೆ ಅದು. ಟೆಲಿಫೋನ್ ಪೈಪೇ ಸರಿ.

ಮೊದಲು ಹಳೆಯ ತಂತಿಯನ್ನು ಮೇಲಿನಿಂದ ಮೆಲ್ಲಗೆ ಎಳೆದು ನೋಡಿ. ಕೆಳಗೆ ಅಲ್ಲಾಡಿದರೆ ದಾರಿ ಸಲೀಸಾಗಿದೆ ಅಂತ ಅರ್ಥ. ಆಮೇಲೆ ಕೇಬಲಿನ ತುದಿ ಬಿಚ್ಚಿ, ಎಳೆಗಳನ್ನು ಒಂದೇ ಕಡೆ ಗಂಟು ಹಾಕದೆ ಮೆಟ್ಟಿಲು ಮೆಟ್ಟಿಲಾಗಿ ಹಳೆಯ ತಂತಿಗೆ ಸುತ್ತಿ, ಮೇಲೆ ಇನ್ಸುಲೇಷನ್ ಟೇಪ್ ಬಿಗಿಯಾಗಿ ಸುತ್ತಿ. ತುದಿ ಚೂಪಾಗಿರಬೇಕು, ದಪ್ಪ ಗಂಟಾದರೆ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕೆಳಗೊಬ್ಬರು ತಳ್ಳಬೇಕು, ಮೇಲೊಬ್ಬರು ಎಳೆಯಬೇಕು. ಜೊತೆಗೆ ಒಂದು ಗಟ್ಟಿ ನೈಲಾನ್ ದಾರವನ್ನೂ ಎಳೆದುಬಿಡಿ. ಮುಂದೆ ಇನ್ನೊಂದು ಕೇಬಲ್ ಬೇಕಾದಾಗ ಅದೇ ದಾರಿ ತೋರಿಸುತ್ತದೆ.

ಮೇಲೆ ಹಾಕೋಕೆ ನಿಮ್ಮ ಹತ್ತಿರ ಹಳೆಯ ರೌಟರ್ ಏನಾದರೂ ಇದೆಯಾ?

ಮೇಲಿನಕೋಣೆ

ಇದೆ. ಎರಡು ಬ್ಯಾಂಡಿನದು, ಗಿಗಾಬಿಟ್ ಪೋರ್ಟ್ ಇದೆ ಅಂತ ತಳದಲ್ಲಿ ಬರೆದಿದೆ.

ನಿಧಾನಗತಿ

ಹಾಗಾದರೆ ಅದೇ ಸಾಕು. ಆದರೆ ಸುಮ್ನೆ ಕೇಬಲ್ ಚುಚ್ಚಿಬಿಡಬೇಡಿ. ನಾನು ಆ ತಪ್ಪು ಮಾಡಿ ಒಂದು ವಾರ ಒದ್ದಾಡಿದ್ದೇನೆ. ಎರಡು ರೌಟರೂ ಮನೆಯ ಸಾಧನಗಳಿಗೆ ವಿಳಾಸ ಹಂಚುತ್ತಿದ್ದವು. ಮೊದಲು ಯಾರ ಉತ್ತರ ಬಂತೋ ಅವರ ಪಾಲಿಗೆ ಫೋನ್. ಬೆಳಗ್ಗೆ ಇಂಟರ್ನೆಟ್ ಬರೋದು, ಮಧ್ಯಾಹ್ನ ಹೋಗೋದು. ಲೈನೇ ಕೆಟ್ಟಿದೆ ಅಂತ ದಿನಾ ದೂರು ಕೊಡುತ್ತಿದ್ದೆ. ಲೈನ್ ಸರಿಯಾಗಿಯೇ ಇತ್ತು.

ಹಳೆಯ ರೌಟರ್‌ನ ಸೆಟ್ಟಿಂಗ್‌ನಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ (ವಿಳಾಸ ಹಂಚದೆ ವೈಫೈ ಮಾತ್ರ ಹರಡುವುದು) ಇದ್ದರೆ ಅದನ್ನು ಆರಿಸಿ, ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಕೈಯಾರೆ ಮಾಡಬೇಕು. ಮೊದಲು ಅದರ ವಿಳಾಸ ಬದಲಿಸಿ. ಕೆಳಗಿನದು 192.168.1.1 ಆಗಿದ್ದರೆ ಇದನ್ನು 192.168.1.2 ಮಾಡಿ. ಆ ಸಂಖ್ಯೆಯನ್ನು ಕೆಳಗಿನ ರೌಟರ್ ಬೇರೆ ಯಾರಿಗೂ ಕೊಡದ ಹಾಗೆ ನೋಡಿಕೊಳ್ಳಿ. ಆಮೇಲೆ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ. ಕೊನೆಗೆ ಕೆಳಗಿನಿಂದ ಬಂದ ಕೇಬಲನ್ನು ಇಂಟರ್ನೆಟ್ ಲೈನಿಗಿರುವ ವ್ಯಾನ್ ಪೋರ್ಟ್‌ಗೆ ಹಾಕದೆ ಮನೆಯ ಸಾಧನಗಳಿಗಿರುವ ಲ್ಯಾನ್ ಪೋರ್ಟ್‌ಗೆ ಹಾಕಿ.

ವೈಫೈ ಹೆಸರು, ಪಾಸ್‌ವರ್ಡ್, ಸೆಕ್ಯುರಿಟಿ ಮೂರೂ ಕೆಳಗಿನದರಂತೆಯೇ ಇರಲಿ. ಚಾನೆಲ್ ಮಾತ್ರ ಬೇರೆ. ಕೆಳಗೆ 1 ಇದ್ದರೆ ಮೇಲೆ 11.

ಮೇಲಿನಕೋಣೆ

ಭಾನುವಾರ ಪೂರ್ತಿ ಇದೇ ಕೆಲಸ. ಕೆಳಗೆ ಮಗಳು ತಳ್ಳಿದಳು, ಮೇಲೆ ನಾನು ಎಳೆದೆ. ಮಧ್ಯದ ಮಹಡಿಯ ತಿರುವಿನಲ್ಲಿ ಒಮ್ಮೆ ಸಿಕ್ಕಿಕೊಂಡಿತು. ಸ್ವಲ್ಪ ಹಿಂದೆ ಬಿಟ್ಟು, ಕೇಬಲ್ ತಿರುಗಿಸಿ ಎಳೆದಾಗ ಬಂತು. ಟೇಪ್ ಸುತ್ತಿದ ಆ ಕಪ್ಪು ತುದಿ ಗೋಡೆಯಿಂದ ಹೊರಗೆ ಇಣುಕಿದಾಗ ಇಬ್ಬರೂ ಕೂಗಿಬಿಟ್ಟೆವು.

ರೌಟರ್ ಹಾಕಿದೆ, ಇಂಟರ್ನೆಟ್ ಬಂತು. ಆದರೆ ಎಷ್ಟು ಸಲ ನೋಡಿದರೂ 94 ಎಂಬಿಪಿಎಸ್. ಒಂದು ಚೂರೂ ಮೇಲೆ ಹೋಗಲ್ಲ. 28ಕ್ಕಿಂತ ಎಷ್ಟೋ ವಾಸಿ, ಆದರೂ 200ರಲ್ಲಿ ಅರ್ಧ ಎಲ್ಲಿ ಹೋಯಿತು?

ತಂತಿಪ್ರಿಯ

94ಕ್ಕೆ ಗೋಡೆ ಕಟ್ಟಿದ ಹಾಗೆ ನಿಂತರೆ ಕಾರಣ ವೈಫೈ ಅಲ್ಲ. ಕೇಬಲ್ 100 ಎಂಬಿಪಿಎಸ್‌ಗೆ ಇಳಿದು ಕೂತಿದೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಎಳೆಗಳು ಬೇಕು. 100ಕ್ಕೆ ಕಿತ್ತಳೆ, ಹಸಿರು ಎರಡೇ ಜೋಡಿ ಸಾಕು. ನಿಮ್ಮ ನೀಲಿ ಅಥವಾ ಕಂದು ಜೋಡಿಯಲ್ಲಿ ಎಲ್ಲೋ ಒಂದು ಎಳೆ ಕೂಡಿಲ್ಲ.

ಎರಡೂ ತುದಿಯ ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿ. ಮೂತಿಯ ಕಡೆಯಿಂದ ನೋಡಿದರೆ ಎಂಟು ತಾಮ್ರದ ಚುಕ್ಕೆ ಸಾಲಾಗಿ ಹೊಳೆಯಬೇಕು.

ಮೇಲಿನಕೋಣೆ

ನೀವು ಹೇಳಿದ್ದು ಅಕ್ಷರಶಃ ನಿಜ! ಮೇಲಿನ ಕನೆಕ್ಟರನ್ನು ಟಾರ್ಚ್ ಬೆಳಕಿಗೆ ಹಿಡಿದೆ. ಏಳು ಚುಕ್ಕೆ ಹೊಳೆಯಿತು. ಎಂಟನೆಯದು, ಕಂದು ಎಳೆ, ತುದಿ ಮುಟ್ಟದೆ ಒಂದು ಅಕ್ಕಿಕಾಳಿನಷ್ಟು ಹಿಂದೆಯೇ ನಿಂತಿತ್ತು. ಅದರ ಮೇಲಿನ ಪಿನ್ ಸುಮ್ನೆ ಪ್ಲಾಸ್ಟಿಕ್ ಕಚ್ಚಿಕೊಂಡಿದೆ.

ಕತ್ತರಿಸಿ ಮತ್ತೆ ಮಾಡಿದೆ. ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು. ಈ ಸಲ ಎಳೆಗಳನ್ನು ಹೆಬ್ಬೆರಳ ಕೆಳಗೆ ಚಪ್ಪಟೆ ಮಾಡಿ, ಒಂದೇ ಸಮ ಕತ್ತರಿಸಿ, ಒಳಗೆ ತಳ್ಳಿ, ಎಂಟೂ ಚುಕ್ಕೆ ಎಣಿಸಿದ ಮೇಲೆಯೇ ಕ್ರಿಂಪ್ ಒತ್ತಿದೆ.

ಈಗ ಮೇಜಿನ ಹತ್ತಿರ 5 ಗಿಗಾಹರ್ಟ್ಸ್‌ನಲ್ಲಿ -47. ಸ್ಪೀಡ್ 190ರ ಆಚೀಚೆ.

ಜೇನುಗೂಡು

ಭೇಷ್! ನಿಮ್ಮ ಮಗಳಿಗೂ ಅಭಿನಂದನೆ ಹೇಳಿ.

ಮೇಲಿನಕೋಣೆ

ಒಂದು ವಾರ ಆಯಿತು. ಕಾಲ್ ಒಮ್ಮೆಯೂ ನಿಂತಿಲ್ಲ. ಆದರೆ ಎರಡು ಸಣ್ಣ ವಿಷಯ ಉಳಿದಿವೆ. ಕೆಳಗಿನಿಂದ ಮೇಲೆ ಬಂದರೆ ಫೋನ್ ಕೆಳಗಿನ ರೌಟರನ್ನೇ ಹಿಡಿದುಕೊಂಡಿರುತ್ತದೆ. ವೈಫೈ ಆಫ್ ಮಾಡಿ ಆನ್ ಮಾಡಿದರೆ ಮೇಲಿನದು ಹಿಡಿಯುತ್ತದೆ. ಇನ್ನೊಂದು, ಮೇಲಿನ ರೌಟರ್ ಆನ್ ಮಾಡಿದ ಮೇಲೆ 5 ಗಿಗಾಹರ್ಟ್ಸ್ ಕಾಣೋಕೆ ಒಂದು ನಿಮಿಷ ಬೇಕು. ಕೆಟ್ಟಿದೆಯಾ?

ತಂತಿಪ್ರಿಯ

ಎರಡನೆಯದು ಕೆಟ್ಟಿಲ್ಲ. 5 ಗಿಗಾಹರ್ಟ್ಸ್‌ನ ಕೆಲವು ಚಾನೆಲ್‌ಗಳನ್ನು ರಾಡಾರ್‌ಗಳೂ ಬಳಸುತ್ತವೆ. ಆ ಚಾನೆಲ್‌ನಲ್ಲಿ ಶುರು ಮಾಡುವ ಮುಂಚೆ ರೌಟರ್ 60 ಸೆಕೆಂಡ್ ಸುಮ್ಮನೆ ಕಿವಿಗೊಟ್ಟು ಕೇಳಬೇಕು. ಬೇಡ ಅನ್ನಿಸಿದರೆ 36ರಿಂದ 48ರ ಒಳಗಿನ ಚಾನೆಲ್ ಆರಿಸಿ, ತಕ್ಷಣ ಬರುತ್ತದೆ.

ಮೊದಲನೆಯದರಲ್ಲಿ ತೀರ್ಮಾನ ಫೋನಿನದು, ರೌಟರಿನದಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಐಫೋನ್ ಇರುವ ಸಿಗ್ನಲ್ -70 ಡಿಬಿಎಂ ತನಕ ಬೀಳುವವರೆಗೆ ಬೇರೆ ಕಡೆ ಹುಡುಕೋದಿಲ್ಲ ಅಂತ ಆಪಲ್ ಸಂಸ್ಥೆಯೇ ಬರೆದಿದೆ. ಬೇರೆ ಫೋನ್‌ಗಳಿಗೆ ಅವರವರದೇ ಲೆಕ್ಕ. ಕೆಳಗಿನ ರೌಟರಿನ 2.4 ಪವರನ್ನು ಮಧ್ಯಮಕ್ಕೆ ಇಳಿಸಿ. ಮೇಲೆ ಹೋದಾಗ ಅದು ಬೇಗ ಕ್ಷೀಣಿಸುತ್ತದೆ, ಫೋನ್ ತಾನಾಗಿ ಬಿಟ್ಟು ಹೊಸದನ್ನು ಹುಡುಕುತ್ತದೆ. ಪವರ್ ಇಳಿಸಿದರೆ ವೈಫೈ ಸುಧಾರಿಸೋದು ವಿಚಿತ್ರ ಅನ್ನಿಸಬಹುದು, ಆದರೆ ಎರಡು ರೌಟರ್ ಇರುವ ಮನೆಯಲ್ಲಿ ಇದೇ ಸರಿ. ಇಳಿಸಿದ ಮೇಲೆ ಮಗಳ ಮೇಜಿನ ಹತ್ತಿರ ಮತ್ತೆ ಅಳೆದು ನೋಡಿ. -67ಕ್ಕಿಂತ ಕೆಳಗೆ ಹೋದರೆ ಒಂದು ಹಂತ ಏರಿಸಿ.

ಎರಡೂ ರೌಟರ್‌ಗಳಲ್ಲಿ 802.11ಕೆ, 802.11ವಿ ಎಂಬ ಆಯ್ಕೆ ಇದ್ದರೆ ಆನ್ ಮಾಡಿ. ಪಕ್ಕದಲ್ಲಿ ಬೇರೆ ಯಾವ ರೌಟರ್ ಇದೆ ಅಂತ ಫೋನಿಗೆ ಹೇಳಿಕೊಡುತ್ತವೆ.

ಬಾಡಿಗೆಮನೆ

ಪೂರ್ತಿ ಓದಿದೆ, ತುಂಬಾ ಉಪಯೋಗವಾಯಿತು. ನನ್ನದು ಬಾಡಿಗೆ ಮನೆ, ಎರಡು ಮಹಡಿ. ಕೊರೆಯುವ ಹಾಗಿಲ್ಲ, ಖಾಲಿ ಪೈಪೂ ಇಲ್ಲ. ನಾನೇನು ಮಾಡಲಿ?

ತಂತಿಪ್ರಿಯ

ಚಪ್ಪಟೆ ಈಥರ್‌ನೆಟ್ ಕೇಬಲ್ ಸಿಗುತ್ತದೆ. ಮೆಟ್ಟಿಲಿನ ಗೋಡೆ ಅಂಚಿಗೆ, ನೆಲಪಟ್ಟಿಯ ಮೇಲೆ ಅಂಟು ಕ್ಲಿಪ್ ಹಾಕಿ ಎಳೆಯಿರಿ. ಬಾಗಿಲ ಕೆಳಗೂ ತೂರುತ್ತದೆ. ಬಾಗಿಲು ಜಜ್ಜದ ಹಾಗೆ ಸಂದು ನೋಡಿಕೊಳ್ಳಿ. ಮನೆ ಬಿಡುವಾಗ ಕಿತ್ತುಕೊಂಡು ಹೋಗಬಹುದು. ಮನೆ ಹೊರಗಿನಿಂದ ಎಳೆಯೋದಾದರೆ ಬಿಸಿಲು ಮಳೆ ತಡೆಯುವ ಹೊರಾಂಗಣ ಕೇಬಲೇ ಬೇಕು. ಗುಡುಗು ಸಿಡಿಲಿನ ಭಯವೂ ಇರುವುದರಿಂದ ಒಳಗಿನ ದಾರಿ ಇದ್ದರೆ ಅದೇ ಮೇಲು.

ಜೇನುಗೂಡು

ಅದೂ ಆಗದಿದ್ದರೆ ಎರಡು ಪೆಟ್ಟಿಗೆಯ ಟ್ರೈಬ್ಯಾಂಡ್ ಮೆಶ್. ಎರಡನೆಯದು ಮೆಟ್ಟಿಲ ಮೇಲ್ತುದಿಯಲ್ಲಿ. ಅಲ್ಲಿ ಮೊದಲ ಪೆಟ್ಟಿಗೆಯ ಸಿಗ್ನಲ್ -65 ಆದರೂ ಬರುತ್ತಿರಬೇಕು. ಅಲ್ಲಿಂದ ಮುಂದಕ್ಕೆ ಇಡಬೇಡಿ.

ಬಾಡಿಗೆಮನೆ

ಅಳೆದೆ. ಮೆಟ್ಟಿಲ ಮೇಲ್ತುದಿಯಲ್ಲಿ -61 ಇದೆ. ಮೊದಲು ಚಪ್ಪಟೆ ಕೇಬಲ್ ಎಳೆದು ನೋಡುತ್ತೇನೆ, 15 ಮೀಟರ್ ಬೇಕಾಗುತ್ತದೆ. ಎಂಟು ಚುಕ್ಕೆ ಎಣಿಸೋದನ್ನು ಮರೆಯಲ್ಲ.

ಮೇಲಿನಕೋಣೆ

ರೆಡಿಮೇಡ್ ತುದಿ ಇರುವ ಕೇಬಲೇ ತಗೊಳ್ಳಿ, ಆ ಚಿಂತೆಯೇ ಬೇಡ. ನನ್ನ ಕಡೆ ಪವರ್ ಇಳಿಸಿದ ಮೇಲೆ ಫೋನ್ ಎರಡನೇ ಮೆಟ್ಟಿಲ ತಿರುವಿನಲ್ಲೇ ಬದಲಾಗುತ್ತಿದೆ. ಮಗಳ ಮೇಜಿನ ಹತ್ತಿರ -66. ನಿನ್ನೆ ಕಾಲ್‌ನಲ್ಲಿ ಮಾತಾಡುತ್ತಲೇ ಕೆಳಗಿನಿಂದ ಮೇಲೆ ನಡೆದು ಬಂದೆ. ಒಂದು ಕ್ಷಣ ಚಿತ್ರ ಮಸುಕಾಯಿತು, ದನಿ ನಿಲ್ಲಲಿಲ್ಲ.